ಗಾಲ್ಫ್ ಡ್ರೈವರ್ ಬದಲಿಸುವ ಮೊದಲು: ಶಿರಸಿಯ ಗೆಳೆಯನಿಗೊಂದು ಪತ್ರ

ಕಾರವಾರ

ಪ್ರೀತಿಯ ಹೆಗಡೆ,

ಗಾಲ್ಫ್‌ಗೆ ಹೊಸ ಡ್ರೈವರ್, ಅಂದರೆ ದೂರ ಹೊಡೆಯುವ ಉದ್ದನೆಯ ಕ್ಲಬ್, ಕೊಂಡರೆ ಇಪ್ಪತ್ತು ಗಜ ಹೆಚ್ಚು ಸಿಗಬಹುದಾ ಎಂದು ಕೇಳಿದ್ದೀಯ. ಬೇಡ ಮಾರಾಯ, ದುಡ್ಡು ಇಟ್ಟುಕೋ. ಕ್ಲಬ್‌ಹೆಡ್‌ನ, ಅಂದರೆ ಚೆಂಡಿಗೆ ತಾಗುವ ತುದಿಯ ಗುಂಡಿನ ವೇಗ ಗಂಟೆಗೆ ಒಂದು ಮೈಲಿ ಏರಿದರೆ ಚೆಂಡು ಸುಮಾರು ಎರಡೂವರೆ ಗಜ ಮುಂದೆ ಹೋಗುತ್ತದೆ. ಆ ಲೆಕ್ಕದಲ್ಲಿ ನಿನಗೆ ಬೇಕಾದದ್ದು ಎಂಟು ಮೈಲಿ. ಅದರಲ್ಲಿ ಒಂದಷ್ಟು ಈಗಲೇ ಪೋಲಾಗುತ್ತಿರಬಹುದು.

ಹಾಗಾಗಿ ಮೊದಲು ಪೋಲಾಗುವುದೆಲ್ಲಿ ನೋಡು. ಡ್ರೈವರ್ ಮುಖಕ್ಕೆ ತೆಳ್ಳಗೆ ಟಾಲ್ಕಂ ಪೌಡರ್ ಹಚ್ಚಿ ಹೊಡೆ, ಗುರುತು ಎಲ್ಲಿ ಬಿತ್ತೆಂದು ನೋಡಿ ಒರೆಸು, ಮತ್ತೆ ಹಚ್ಚು. 95 ಮೈಲಿ ಬೀಸಿನಲ್ಲಿ ನಟ್ಟನಡುವೆ ತಾಗಿದ ಚೆಂಡು ಸುಮಾರು 140 ಮೈಲಿ ವೇಗದಲ್ಲಿ ಹೊರಡುತ್ತದೆ. ಅದೇ ಬೀಸಿನಲ್ಲಿ ಹೀಲ್ ಕಡೆಗೆ, ಅಂದರೆ ಶಾಫ್ಟ್ (ಕ್ಲಬ್‌ನ ಉದ್ದನೆಯ ಕೋಲು) ಕೂಡುವ ಬದಿಗೆ ತಾಗಿದರೆ 133ಕ್ಕೂ ಇಳಿಯಬಹುದು. ಹತ್ತು ಹನ್ನೆರಡು ಗಜ ಅಲ್ಲೇ ಹೋಯಿತು. ಗುರುತು ಪದೇ ಪದೇ ಹೀಲ್‌ಗೇ ಬೀಳುತ್ತಿದ್ದರೆ ನೀನು ಚೆಂಡಿಗೆ ತೀರಾ ಹತ್ತಿರ ನಿಂತಿರುತ್ತೀಯ, ಇಲ್ಲವೇ ಕೆಳಗೆ ಬರುವಾಗ ಭಾರ ಕಾಲ್ಬೆರಳಿಗೆ ಜಾರುತ್ತಿರುತ್ತದೆ.

ಇದಕ್ಕೆ ನಿಮ್ಮ ಅಡಿಕೆ ಅಂಗಳ ಧಾರಾಳ ಸಾಕು, ಬಲೆಯೊಂದು ಬೇಕು. ಇಲ್ಲಿ ಕಾರವಾರದ ಬೈತಖೋಲ ಬಂದರಿನ ಕಡೆ ಹಳೆ ಬಲೆ ಕೇಳಬಹುದು. ಆದರೆ ತೆಳು ನೈಲಾನ್ ಎಳೆಯ ಬಲೆ ತರಬೇಡ, ಚೆಂಡಿಗೆ ಹರಿದುಹೋಗುತ್ತದೆ. ಟ್ರಾಲ್ ಬಲೆಯ ತುದಿಯ ದಪ್ಪ ಹುರಿಯ ಭಾಗ ಬೇಕು. ಚೆಂಡಿನ ವ್ಯಾಸ 42.67 ಮಿ.ಮೀ., ಬಲೆಯ ಕಣ್ಣು ಎಳೆದು ಹಿಗ್ಗಿಸಿದಾಗಲೂ ಅದಕ್ಕಿಂತ ಸಣ್ಣದಿರಲಿ. ಎರಡು ಪದರ ಮಾಡಿ ಸಡಿಲವಾಗಿ ಇಳಿಬಿಡು. ಬಿಗಿಯಾಗಿ ಕಟ್ಟಿದರೆ ಚೆಂಡು ನಿನ್ನ ಮೊಣಕಾಲಿಗೇ ವಾಪಸ್ಸು ಬರುತ್ತದೆ. ಮೂರು ಮೀಟರ್ ದೂರ ನಿಲ್ಲು, ಬಲೆಯ ಹಿಂದೆ ಚಿರೆಕಲ್ಲಿನ ಗೋಡೆ ಇರಕೂಡದು. 140 ಮೈಲಿ ಎಂದರೆ ಗಂಟೆಗೆ 225 ಕಿಲೋಮೀಟರ್, ನೆನಪಿರಲಿ.

ಇನ್ನು ವೇಗದ ಮಾತು, ಅದಕ್ಕೆ ಮೂರು ಅಭ್ಯಾಸ. ಮೊದಲನೆಯದು ಹೀಗೆ. ಡ್ರೈವರನ್ನು ತಲೆಕೆಳಗು ಮಾಡಿ ಹೆಡ್‌ನ ಪಕ್ಕದಲ್ಲೇ ಶಾಫ್ಟ್ ಹಿಡಿದು, ಚೆಂಡಿಲ್ಲದೆ ಬೀಸು. ‘ಸುಂಯ್’ ಎನ್ನುವ ಸದ್ದು ಚೆಂಡು ಇರಬೇಕಾದ ಜಾಗ ದಾಟಿ, ಎಡಗಾಲಿನ ಆಚೆ ಕೇಳಬೇಕು. ಬಲ ಭುಜದ ಹತ್ತಿರವೇ ಕೇಳಿದರೆ ಮಣಿಕಟ್ಟು ಬೇಗ ಬಿಚ್ಚಿಕೊಂಡಿದೆ, ಚೆಂಡು ತಲುಪುವಷ್ಟರಲ್ಲಿ ವೇಗ ಖರ್ಚಾಗಿದೆ ಎಂದರ್ಥ. ಇದರ ಹಿಂದೆ ಬಹಳ ಸಲ ಬಿಗಿ ಹಿಡಿತ ಇರುತ್ತದೆ. ನಮ್ಮ ಕರಾವಳಿಯ ಬೆವರಿಗೆ ಗ್ರಿಪ್, ಅಂದರೆ ಹಿಡಿಯ ರಬ್ಬರು, ನುಣುಪಾಗುತ್ತದೆ, ಜಾರಬಾರದೆಂದು ನಾವು ಹಿಸುಕುತ್ತೇವೆ, ಮಣಿಕಟ್ಟು ಸೆಟೆದುಕೊಳ್ಳುತ್ತದೆ. ಉಗುರುಬೆಚ್ಚಗಿನ ಸೋಪುನೀರಿನಲ್ಲಿ ತೊಳೆದು ಒಣಗಿಸಿ ನೋಡು, ಅರ್ಧ ಕಾಯಿಲೆ ಅಲ್ಲೇ ವಾಸಿಯಾದೀತು.

ಎರಡನೆಯದು ಹೆಜ್ಜೆಯ ಅಭ್ಯಾಸ. ನನಗೆ ಕೇಳಿದರೆ ಎಲ್ಲಕ್ಕಿಂತ ಉಪಯೋಗದ್ದು ಇದೇ. ಎರಡೂ ಪಾದ ಜೋಡಿಸಿ ನಿಲ್ಲು, ಏಳನೇ ನಂಬರ್ ಐರನ್ (ಡ್ರೈವರ್‌ಗಿಂತ ಗಿಡ್ಡನೆಯ ಕ್ಲಬ್) ಸಾಕು. ಕ್ಲಬ್ ಮೇಲೇರುತ್ತಿರುವಾಗಲೇ, ಅದು ತುದಿ ಮುಟ್ಟುವ ಮೊದಲು, ಎಡಗಾಲನ್ನು ಗುರಿಯತ್ತ ಒಂದಡಿ ಇಡು. ಪಾದ ಊರಿದ ಮೇಲೆ ಬೀಸು. ಕಾಲು, ಸೊಂಟ, ಎದೆ, ಕೈ, ಕೊನೆಗೆ ಕ್ಲಬ್. ಈ ಕ್ರಮ ಮೈಗೆ ತಾನಾಗಿ ಹತ್ತುತ್ತದೆ. ಕಾಲು ಇಡುವುದೂ ಬೀಸುವುದೂ ಒಟ್ಟಿಗೇ ಆದರೆ ಕೈಯೇ ಯಜಮಾನನಾಯಿತು, ಲಾಭವಿಲ್ಲ. ಇಡೀ ಮೈ ಗುರಿಯತ್ತ ವಾಲಿ ತಲೆ ಚೆಂಡಿಗಿಂತ ಮುಂದೆ ಹೋಗುವುದು ಇನ್ನೊಂದು ತಪ್ಪು. ಮೊದಲ ವಾರ ಅರ್ಧ ವೇಗದಲ್ಲೇ ಮಾಡು. ಮಳೆಗಾಲದಲ್ಲಿ ಪಾಚಿಗಟ್ಟಿದ ಅಂಗಳದಲ್ಲಂತೂ ಬೇಡವೇ ಬೇಡ.

ಮೂರನೆಯದು ಹಗುರ-ಭಾರದ ಬೀಸು. ಇದಕ್ಕೆಂದೇ ಮಾರುವ ಮೂರು ಕೋಲುಗಳ ಸೆಟ್‌ನಲ್ಲಿ ಸಾಮಾನ್ಯವಾಗಿ ಒಂದು ಡ್ರೈವರ್‌ಗಿಂತ ಶೇ. 20 ಹಗುರ, ಇನ್ನೊಂದು ಶೇ. 10 ಹಗುರ, ಮತ್ತೊಂದು ಶೇ. 5 ಭಾರ ಇರುತ್ತದೆ. ಹಗುರದ್ದು ಮೈಗೆ ಹೊಸ ವೇಗದ ರುಚಿ ಹತ್ತಿಸುತ್ತದೆ. ಅದೇ ಉಮೇದಿನಲ್ಲಿ ಭಾರದ್ದನ್ನೂ ಬೀಸಬೇಕು. ಕೋಲು ಇಲ್ಲದಿದ್ದರೆ ತಲೆಕೆಳಗಾದ ಡ್ರೈವರ್ ಐದು ಬೀಸು, ಸರಿಯಾಗಿ ಹಿಡಿದ ಡ್ರೈವರ್ ಐದು ಬೀಸು, ಎಡಗೈ ಆಟಗಾರನಂತೆ ತಿರುಗಿ ಮೂರು. ಇಂಥ ಎರಡು ಸುತ್ತು, ಬೀಸಿನ ನಡುವೆ ಅರ್ಧ ನಿಮಿಷ ವಿರಾಮ. ಹಳೇ ಶಾಫ್ಟಿಗೆ ನಟ್ಟು-ಬೋಲ್ಟು ಟೇಪಿನಲ್ಲಿ ಸುತ್ತುವ ಜಾಣತನ ಮಾತ್ರ ಬೇಡ, ಬಿಚ್ಚಿಕೊಂಡರೆ ಗುಂಡಿನಂತೆ ಹಾರುತ್ತದೆ.

ವಾರಕ್ಕೆ ಮೂರು ದಿನ, ನಡುವೆ ಒಂದೊಂದು ದಿನ ಬಿಡುವು. ದಿನವೂ ನೂರು ಬೀಸಿದರೆ ದಣಿದ ಮೈ ನಿಧಾನ ಬೀಸುವುದನ್ನೇ ಕಲಿಯುತ್ತದೆ. ಹತ್ತು ನಿಮಿಷ ಮೈ ಬೆಚ್ಚಗಾಗದೆ ಪೂರ್ತಿ ವೇಗಕ್ಕೆ ಹೋಗಬೇಡ. ಸೊಂಟದ ಕೆಳಗೆ ಚುಳುಕು ಬಂದರೆ ಆ ದಿನದ ಆಟ ಮುಗಿಯಿತು.

ಚೆಂಡು ಕೂರಿಸುವ ಮೊಳೆ, ಅದೇ ಟೀ, ಅದರ ಎತ್ತರ ಹೇಳುವುದು ಮರೆತಿದ್ದೆ: ಅರ್ಧ ಚೆಂಡು ಡ್ರೈವರ್ ನೆತ್ತಿಯ ಮೇಲೆ ಕಾಣಲಿ. ಚೆಂಡಿನ ಒಂದಡಿ ಮುಂದೆ ತಗ್ಗಾದ ಖಾಲಿ ರಟ್ಟಿನ ಡಬ್ಬ ಇಟ್ಟು, ಅದಕ್ಕೆ ತಾಗದಂತೆ ಹೊಡೆ. ಕ್ಲಬ್ ಮೇಲೇರುತ್ತ ಚೆಂಡಿಗೆ ತಾಗುತ್ತದೆ.

ದೂರ ಅಳೆಯುವಾಗ ಊರು ನೋಡಿಕೋ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಮೇಲಿದೆ, ಗಾಳಿ ತೆಳು, ಚೆಂಡು ಶೇ. 3ರಷ್ಟು ಹೆಚ್ಚು ಹಾರುತ್ತದೆ. ಅಲ್ಲಿಯ 250 ಗಜ ಮಂಗಳೂರಿನ ಪಿಲಿಕುಳ ಗಾಲ್ಫ್ ಮೈದಾನದಲ್ಲಿ ಸುಮಾರು 243. ಅದಕ್ಕೇ ಗಜ ನಂಬಬೇಡ, ಬೀಸಿನ ವೇಗ ನಂಬು. ವೇಗ ಅಳೆಯುವ ಸಣ್ಣ ರೇಡಾರ್ ಇಲ್ಲದಿದ್ದರೆ ಫೋನಿನ ಸೆಕೆಂಡಿಗೆ 240 ಫ್ರೇಮ್ ಸ್ಲೋ-ಮೋಷನ್ ಸಾಕು: ಕ್ಲಬ್ ಮೇಲೇರಿದ ತುದಿಯಿಂದ ಚೆಂಡಿನವರೆಗೆ ಎಷ್ಟು ಫ್ರೇಮ್ ಎಂದು ಎಣಿಸು. ಒಳ್ಳೆಯ ಆಟಗಾರರಲ್ಲಿ ಅದು 60ರ ಆಸುಪಾಸು.

ಆ ವೀಡಿಯೊ ನನಗೂ ಕಳಿಸು. ಫೋನ್ ಸೊಂಟದ ಎತ್ತರದಲ್ಲಿ, ನಿನ್ನ ಕೈಗಳ ನೇರ ಹಿಂದೆ, ಗುರಿಯ ಗೆರೆಗೆ ಸಮಾನಾಂತರವಾಗಿರಲಿ. ಓರೆಯಾಗಿ ಹಿಡಿದರೆ ಸರಿಯಾದ ಬೀಸೂ ಅಡ್ಡದಾರಿ ಹಿಡಿದಂತೆ ಕಾಣುತ್ತದೆ.

ನಿನ್ನ ಗೆಳೆಯ