ಫ್ಲೋಯಬಲ್ ಸಿರಿಂಜ್ ಬದಲಾಗುತ್ತಿದೆ: ನಮ್ಮ ಗ್ರಾಹಕ ದಂತವೈದ್ಯರಿಗೆ ಪತ್ರ

ದಾವಣಗೆರೆ

ಮಾನ್ಯ ದಂತವೈದ್ಯರಿಗೆ ನಮಸ್ಕಾರಗಳು.

ಮುಂದಿನ ತಿಂಗಳಿನಿಂದ ನಮ್ಮ ಮಳಿಗೆಯ ಫ್ಲೋಯಬಲ್ ಕಾಂಪೋಸಿಟ್ (ಹಲ್ಲಿನ ಕುಳಿ ತುಂಬುವ, ಬೆಳಕಿಗೆ ಗಟ್ಟಿಯಾಗುವ ತೆಳು ಅಂಟು) ಬೇರೆ ಬಗೆಯ ಸಿರಿಂಜಿನಲ್ಲಿ ಬರುತ್ತದೆ. ಇಷ್ಟು ವರ್ಷ ಮಾರಿದ ಹಳೆಯ ಸಿರಿಂಜನ್ನು ನಿಲ್ಲಿಸುತ್ತಿದ್ದೇವೆ. ಬೆಲೆ ಸ್ವಲ್ಪ ಹೆಚ್ಚಾಗುತ್ತದೆ. ಕಾರಣ ತಿಳಿಸದೆ ಬಿಲ್ಲಿನಲ್ಲಷ್ಟೇ ಬದಲಾವಣೆ ತೋರಿಸುವುದು ನಮಗೆ ಸರಿಯೆನಿಸಲಿಲ್ಲ.

ರಾಣೇಬೆನ್ನೂರಿನ ವೈದ್ಯೆಯೊಬ್ಬರು ಫೋನ್ ಮಾಡಿ, "ಹೆಬ್ಬೆರಳು ತೆಗೆದ ಮೇಲೂ ಇದು ಸೋರುತ್ತಲೇ ಇರುತ್ತದೆ, ಸಣ್ಣ ಕುಳಿಗೆ ಹಾಕಲು ಹೋದರೆ ಪಕ್ಕದ ಹಲ್ಲಿಗೂ ಹರಿಯುತ್ತದೆ" ಎಂದಿದ್ದರು. ಅದು ಅವರೊಬ್ಬರ ತೊಂದರೆಯೇ ಎಂದು ತಿಳಿಯಲು ಮೂರು ಬಗೆಯ ಸಿರಿಂಜುಗಳನ್ನು ಹೆಸರು ಕಾಣದಂತೆ ಕಾಗದ ಸುತ್ತಿ, ಮಳಿಗೆಗೆ ಬಂದ ವೈದ್ಯರ ಕೈಗೆ ಕೊಟ್ಟೆವು. ಒತ್ತಲು ಎಷ್ಟು ಬಲ ಬೇಕು, ಬಿಟ್ಟ ಕೂಡಲೇ ನಿಲ್ಲುತ್ತದೆಯೇ, ಗುಳ್ಳೆ ಬರುತ್ತದೆಯೇ, ಒದ್ದೆ ಕೈಗವಸಿನಲ್ಲಿ ಜಾರುತ್ತದೆಯೇ, ಹಿಂದಿನ ದವಡೆ ಹಲ್ಲಿಗೆ ತುದಿ ಮುಟ್ಟುತ್ತದೆಯೇ ಎಂದು ಕೇಳಿದೆವು. ಹೊರರೋಗಿಗಳ ನಡುವೆ ಬಿಡುವು ಮಾಡಿಕೊಂಡು ಉತ್ತರಿಸಿದ ಎಲ್ಲರಿಗೂ ನಾವು ಋಣಿ.

ಹೆಚ್ಚಿನವರ ಬೇಸರವೆಲ್ಲ ಸೋರಿಕೆ ಮತ್ತು ಗುಳ್ಳೆಯ ಮೇಲೆಯೇ ಇತ್ತು. ಇವೆರಡೂ ಒಂದೇ ಬೇರಿನವು. ಸಿರಿಂಜ್ ತುಂಬುವಾಗ ಒಳಗೆ ಗಾಳಿ ಉಳಿದಿದ್ದರೆ ಒತ್ತಿದಾಗ ಅದು ಕುಗ್ಗುತ್ತದೆ. ಬೆರಳು ತೆಗೆದಾಗ ಹಿಗ್ಗಿ ಕಾಂಪೋಸಿಟ್ಟನ್ನು ಹೊರಗೆ ದೂಡುತ್ತದೆ. ಸೋರುವುದನ್ನು ತಡೆಯಲು ಪ್ಲಂಜರನ್ನು, ಅಂದರೆ ಹೆಬ್ಬೆರಳಿನಿಂದ ಒತ್ತುವ ದಂಡವನ್ನು, ಹಿಂದಕ್ಕೆ ಎಳೆಯುವ ಅಭ್ಯಾಸ ಹಲವರಿಗಿದೆ. ಹಾಗೆ ಎಳೆದಾಗ ತುದಿಯಿಂದ ಗಾಳಿ ಒಳಗೆ ಹೋಗುತ್ತದೆ, ಮುಂದಿನ ರೋಗಿಯ ಕುಳಿಯೊಳಗೆ ಗುಳ್ಳೆಯಾಗಿ ಹೊರಬೀಳುತ್ತದೆ. ಗುಳ್ಳೆಯ ಸುತ್ತಲಿನ ಪದರ ಆಮ್ಲಜನಕದಿಂದಾಗಿ ಸರಿಯಾಗಿ ಗಟ್ಟಿಯಾಗುವುದಿಲ್ಲ. ಮೇಲ್ಮೈ ಸವೆದು ಆ ಗುಳ್ಳೆ ತೆರೆದುಕೊಂಡರೆ ಅಲ್ಲಿ ಕಲೆ ಕೂರುತ್ತದೆ. ಇದು ನಿಮ್ಮ ಕೈಚಳಕದ ದೋಷವಲ್ಲವೆಂದು ನಮಗೆ ಮನವರಿಕೆಯಾಗಿದೆ.

ಹೊಸ ಸಿರಿಂಜನ್ನು ಗಾಳಿ ಉಳಿಯದಂತೆ ತುಂಬಲಾಗಿದೆ. ಬೆರಳು ಸಡಿಲಿಸಿದಾಗ ಪ್ಲಂಜರ್ ತಾನೇ ತುಸು ಹಿಂದೆ ಸರಿದು ಒತ್ತಡ ಇಳಿಸುತ್ತದೆ. ನೀವು ಎಳೆಯಬೇಕಾಗಿಲ್ಲ, ದಯವಿಟ್ಟು ಎಳೆಯಲೂಬೇಡಿ. ಬೆರಳು ಹಿಡಿಯುವ ರೆಕ್ಕೆ ಅಗಲವಾಗಿದೆ, ಪ್ಲಂಜರ್ ಗಿಡ್ಡವಾಗಿದೆ. ಹಳೆಯ ಸಿರಿಂಜ್ ತುಂಬಿರುವಾಗ ಪ್ಲಂಜರ್ ಅತಿ ಉದ್ದಕ್ಕೆ ಹೊರಗಿರುವುದರಿಂದ ಹೆಬ್ಬೆರಳು ಎಟುಕುವುದಿಲ್ಲವೆಂದು ಸಣ್ಣ ಕೈಯ ವೈದ್ಯರು ಹೇಳುವವರೆಗೆ ನಮಗೆ ಅದು ಹೊಳೆದಿರಲಿಲ್ಲ.

ಹಿರಿಯ ವೈದ್ಯರೊಬ್ಬರು ಮಾತ್ರ ಹಳೆಯದನ್ನೇ ಮೆಚ್ಚಿದರು. ಬಿಗಿಯಾದ ಪ್ಲಂಜರಿನಲ್ಲಿ ಎಷ್ಟು ಹೊರಬರುತ್ತಿದೆ ಎಂಬುದು ಬೆರಳಿಗೆ ಗೊತ್ತಾಗುತ್ತದೆ ಎಂಬುದು ಅವರ ವಾದ. ಅದರಲ್ಲಿ ಸತ್ಯವಿದೆ. ಹೊಸದು ಹಗುರ, ಮೊದಲ ಕೆಲವು ಬಾರಿ ಪ್ಯಾಡಿನ ಮೇಲೆ ಒತ್ತಿ ನೋಡಿ, ಆಮೇಲೆ ಬಾಯಿಗೆ ತನ್ನಿ.

ಸಿರಿಂಜಿನ ತುದಿಗೆ ಸಿಕ್ಕಿಸುವ ಟಿಪ್ಪಿನ ವಿಷಯ ಬೆಲೆಗಿಂತ ಮುಖ್ಯ. ಒಬ್ಬ ರೋಗಿಗೆ ಬಳಸಿದ ಟಿಪ್ಪನ್ನೇ ಮುಚ್ಚಳದಂತೆ ಸಿರಿಂಜಿನಲ್ಲಿ ಬಿಟ್ಟು ಮುಂದಿನವರಿಗೂ ಬಳಸುವುದನ್ನು ನಾವು ಕಂಡಿದ್ದೇವೆ. ಟಿಪ್ ಸಾಲದಿರುವುದೂ ಅದಕ್ಕೆ ಕಾರಣ, ಆ ತಪ್ಪಿನಲ್ಲಿ ನಮ್ಮ ಪಾಲೂ ಇದೆ: ಹಳೆಯ ಪೆಟ್ಟಿಗೆಯಲ್ಲಿ ಟಿಪ್ಪುಗಳನ್ನು ಎಣಿಸಿ ಕಡಿಮೆ ಕೊಡುತ್ತಿದ್ದೆವು. ಇನ್ನು ಸಿರಿಂಜಿನ ಜೊತೆ ಹೆಚ್ಚು ಟಿಪ್ಪುಗಳನ್ನೂ ಹೊರಗೆ ತೊಡಿಸುವ ಪ್ಲಾಸ್ಟಿಕ್ ಕವಚಗಳನ್ನೂ ಕೊಡುತ್ತೇವೆ, ಬೆಲೆ ಏರಿಕೆಯ ದೊಡ್ಡ ಭಾಗ ಅದೇ. ಒಬ್ಬರಿಗೆ ಒಂದು ಟಿಪ್. ಅದನ್ನು ತೆಗೆದ ತಕ್ಷಣ ಮುಚ್ಚಳ ಹಾಕಿ. ಸಿರಿಂಜಿನ ತೆರೆದ ಬಾಯಿಯ ಮೇಲೆ ಕುರ್ಚಿಯ ದೀಪ ಬಿದ್ದರೂ ಕಾಂಪೋಸಿಟ್ ಗಟ್ಟಿಯಾಗತೊಡಗುತ್ತದೆ.

ಒಂದೇ ಬಾರಿ ಬಳಸುವ ಕ್ಯಾಪ್ಸೂಲ್ ತರಿಸಿ ಎಂದು ಕೆಲವರು ಕೇಳಿದ್ದಾರೆ. ಸೋಂಕಿನ ದೃಷ್ಟಿಯಿಂದ ಅದು ಉತ್ತಮ. ಆದರೆ ಪುಟ್ಟ ಕುಳಿಗೆ ಬಳಸಿ ಉಳಿದದ್ದು ವ್ಯರ್ಥವಾಗುತ್ತದೆ, ಖರ್ಚೂ ಹೆಚ್ಚು. ಆದ್ದರಿಂದ ಬೇಡಿಕೆ ಕೊಟ್ಟವರಿಗೆ ಮಾತ್ರ ತರಿಸುತ್ತೇವೆ.

ಫ್ರಿಜ್ಜಿನಿಂದ ತೆಗೆದ ಕೂಡಲೇ ಬಳಸಬೇಡಿ. ತಣ್ಣಗಿದ್ದರೆ ಕಾಂಪೋಸಿಟ್ ಮಂದವಾಗಿರುತ್ತದೆ, ಬಲವಾಗಿ ಒತ್ತಬೇಕಾಗುತ್ತದೆ. ಕೋಣೆಯ ಉಷ್ಣತೆಗೆ ಬರುವವರೆಗೆ ಕಾಯಿರಿ. 25 ಡಿಗ್ರಿ ಸೆಲ್ಸಿಯಸ್ ಮೀರಬಾರದೆಂದು ಪೆಟ್ಟಿಗೆಯ ಮೇಲೆಯೇ ಬರೆದಿದೆ, ನಮ್ಮ ಬೇಸಿಗೆಗೆ ಅದು ಕಷ್ಟದ ಮಾತು. ಹಾಗಾಗಿ ಮಾರ್ಚ್‌ನಿಂದ ಮೇ ವರೆಗೆ ಬಸ್ ಪಾರ್ಸೆಲ್‌ಗಳನ್ನು ರಾತ್ರಿಯ ಬಸ್ಸಿಗೇ ಹಾಕುತ್ತೇವೆ, ಬೆಳಿಗ್ಗೆ ಬೇಗ ಬಿಡಿಸಿಕೊಳ್ಳಿ.

ತೆರೆಯದ ಹಳೆಯ ಸಿರಿಂಜುಗಳಿದ್ದರೆ, ಅವಧಿ ಮುಗಿಯದಿದ್ದರೆ, ಬಿಲ್ಲಿನೊಡನೆ ಕಳುಹಿಸಿ. ಹೊಸದನ್ನು ಕೊಡುತ್ತೇವೆ, ವ್ಯತ್ಯಾಸದ ಹಣ ಕೇಳುವುದಿಲ್ಲ. ತೆರೆದವಕ್ಕೆ ಬೇಕಾದ ಬಿಡಿ ಟಿಪ್ಪುಗಳು ಅವು ಮುಗಿಯುವವರೆಗೂ ನಮ್ಮಲ್ಲಿ ಸಿಗುತ್ತವೆ. ಹೊಸದರಲ್ಲಿ ಸೋರಿಕೆಯೋ ಗುಳ್ಳೆಯೋ ಕಂಡರೆ ಆ ಸಿರಿಂಜನ್ನು ಎಸೆಯದೆ, ಪೆಟ್ಟಿಗೆಯ ಮೇಲಿನ ಬ್ಯಾಚ್ ಸಂಖ್ಯೆಯೊಂದಿಗೆ ನಮಗೆ ಕಳುಹಿಸಿಕೊಡಿ.

ಇಂತಿ ನಿಮ್ಮ ವಿಶ್ವಾಸಿಗಳು,
ಮಳಿಗೆಯ ಪಾಲುದಾರರು