ಅರ್ಧ ಪುಟ ಖಾಲಿ ಬಿಡಬೇಡ

ಚಿ. ಪುಟ್ಟಿಗೆ,

ನಿನ್ನ ಸೋದರಮಾವನ ಆಶೀರ್ವಾದಗಳು. ಹಿಂದಿನ ಕಾಲವಾಗಿದ್ದರೆ ‘ಉಭಯಕುಶಲೋಪರಿ ಸಾಂಪ್ರತ’ ಅಂತ ಶುರು ಮಾಡುತ್ತಿದ್ದೆ. ನಿನಗೆ ಅದು ತಲೆಗೆ ಹತ್ತುವುದಿಲ್ಲ, ನಿಮ್ಮತ್ತೆಗೆ ನಗು ಬರುತ್ತದೆ. ಇರಲಿ.

ಚಳ್ಳಕೆರೆ ಕಡೆಯ ಪಂಚಾಯಿತಿಗೆ ನೀನು ಪಿಡಿಒ, ಅಂದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ ಆಗಿ ಹೋಗುತ್ತಿದ್ದೀಯ ಅಂತ ನಿಮ್ಮಮ್ಮ ಫೋನ್ ಮಾಡಿದಳು. ದನಿಯಲ್ಲಿ ಖುಷಿ ಅರ್ಧ, ದಿಗಿಲು ಅರ್ಧ. ‘ಅಲ್ಲೆಲ್ಲ ಬರೀ ರಾಜಕೀಯವಂತೆ ಕಣೋ, ಒಬ್ಬಳೇ ಹೇಗೆ ಇರ್ತಾಳೋ’ ಅಂದಳು. ರಾಜಕೀಯ ಇರುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಮೂವತ್ತೈದು ವರ್ಷ ಪಂಚಾಯಿತಿ ಕಾರ್ಯದರ್ಶಿಯಾಗಿದ್ದವನು ಹೇಳುತ್ತೇನೆ ಕೇಳು. ದಿನದ ಮುಕ್ಕಾಲು ಪಾಲು ಹೋಗುವುದು ಕೆಟ್ಟ ಮೋಟಾರು, ಕಟ್ಟಿಕೊಂಡ ಚರಂಡಿ, ಉರಿಯದ ಬೀದಿ ದೀಪ ಇವುಗಳ ಹಿಂದೆ. ರಾಜಕೀಯಕ್ಕೆ ಪುರುಸೊತ್ತು ಸಿಗುವುದೇ ಸಾಯಂಕಾಲ.

ಅದಕ್ಕೇ ಮೊದಲ ವಾರ ಫೈಲು ನೋಡಬೇಡ. ನೀರಗಂಟಿಯನ್ನು ಹುಡುಕು. ಈಗ ವಾಟರ್‌ಮನ್ ಅನ್ನುತ್ತಾರೆ. ಯಾವ ಬೋರಿನಲ್ಲಿ ಎಷ್ಟು ನೀರಿದೆ, ಯಾವ ವಾಲ್ವು ತಿರುಗಿಸಿದರೆ ಯಾವ ಕೇರಿಗೆ ನೀರು ನಿಲ್ಲುತ್ತದೆ, ಯಾರ ಮನೆಯವರು ಪೈಪಿಗೇ ಮೋಟಾರು ಕಚ್ಚಿಸಿದ್ದಾರೆ, ಎಲ್ಲ ಅವನಿಗೆ ಗೊತ್ತು. ಅವನ ಜೊತೆ ಒಂದು ಬೆಳಿಗ್ಗೆ ಐದು ಗಂಟೆಗೆ ಎದ್ದು ಸುತ್ತು. ನೀನು ಹೋಗುತ್ತಿರುವುದು ರಾಜ್ಯದಲ್ಲೇ ಮಳೆ ತೀರಾ ಕಡಿಮೆ ಬೀಳುವ ಸೀಮೆ. ಜಲಜೀವನ್ ಯೋಜನೆಯ ಲೆಕ್ಕದಲ್ಲಿ ಒಬ್ಬರಿಗೆ ದಿನಕ್ಕೆ 55 ಲೀಟರ್ ಕೊಡಬೇಕು. ಲೆಕ್ಕ ಕಾಗದದ ಮೇಲೆ ಚೆನ್ನಾಗಿಯೇ ಇದೆ. ಮಾರ್ಚಿ ತಿಂಗಳಲ್ಲಿ ಕೊನೇ ಕೇರಿಯ ಕೊನೇ ನಲ್ಲಿಯ ಮುಂದೆ ಒಂದು ಬಿಂದಿಗೆ ಇಟ್ಟುಕೊಂಡು ನಿಂತು ನೋಡು, ಆಮೇಲೆ ಮಾತಾಡೋಣ.

ನಾನು ಕೆಲಸಕ್ಕೆ ಸೇರಿದ್ದು 1987ರಲ್ಲಿ, ಈಗಿನ ಗ್ರಾಮ ಪಂಚಾಯಿತಿಗೆ ಮೊದಲಿದ್ದ ಮಂಡಲ ಪಂಚಾಯಿತಿ ಶುರುವಾದ ವರ್ಷ. ಆಗ ಪಂಚಾಯತ್ ರಾಜ್ ಮಂತ್ರಿ ಅಬ್ದುಲ್ ನಜೀರ್ ಸಾಬ್. ಹಳ್ಳಿ ಹಳ್ಳಿಗೆ ಬೋರ್‌ವೆಲ್ ಹಾಕಿಸಿ ಜನರ ಬಾಯಲ್ಲಿ ‘ನೀರ್ ಸಾಬ್’ ಆದರು. ಮರುವರ್ಷವೇ ತೀರಿಕೊಂಡರು. ನಮ್ಮ ಕಡೆಯ ಹಳ್ಳಿಯವರು ಮಂತ್ರಿಯೊಬ್ಬರನ್ನು ನೀರಿನ ಹೆಸರು ಹಿಡಿದು ನೆನಪಿಟ್ಟುಕೊಂಡಿದ್ದು ಅದೊಂದೇ ಸಲ ಇರಬೇಕು.

ಆಗ ಹೆಂಗಸರಿಗೆ ಶೇಕಡಾ 25 ಸೀಟು. 1993ರ ಕಾಯ್ದೆ ಬಂದಾಗ ಮೂರರಲ್ಲಿ ಒಂದು ಪಾಲು. 2010ರಿಂದ ಅರ್ಧಕ್ಕರ್ಧ. ಮೂರನ್ನೂ ನಾನು ಸಭೆಯಲ್ಲಿ ಕೂತು ನೋಡಿದ್ದೇನೆ. ಮೊದಮೊದಲು ಮೆಂಬರಮ್ಮಂದಿರು ಬಾಗಿಲ ಹತ್ತಿರ ಕೂರುತ್ತಿದ್ದರು, ಸಹಿ ಹಾಕಿ ಎದ್ದು ಹೋಗುತ್ತಿದ್ದರು. ಈಗ ಕುರ್ಚಿ ಎಳೆದುಕೊಂಡು ಮುಂದೆಯೇ ಕೂರುತ್ತಾರೆ. ಆದರೆ ಆ ‘ಅಧ್ಯಕ್ಷರ ಗಂಡ’ ಅನ್ನುವ ಹುದ್ದೆ ಇದೆಯಲ್ಲ, ಕಾಯ್ದೆಯಲ್ಲಿ ಎಲ್ಲೂ ಇಲ್ಲದ ಹುದ್ದೆ, ಅದು ಇನ್ನೂ ಪೂರ್ತಿ ಖಾಲಿಯಾಗಿಲ್ಲ. ಅವನು ಬಂದರೆ ಕಾಫಿ ಕೊಡು, ಕ್ಷೇಮ ಸಮಾಚಾರ ಕೇಳು. ವಿಷಯ ಮಾತ್ರ ಅಧ್ಯಕ್ಷೆಯ ಹತ್ತಿರವೇ ಮಾತಾಡು. ಅವನ ಮುಂದೆಯೂ ಅವಳನ್ನೇ ನೋಡಿ ಮಾತಾಡು. ಎರಡು ಮೂರು ಸಭೆ ಕಳೆದ ಮೇಲೆ ಅವಳೇ ಬಾಯಿ ಬಿಡುತ್ತಾಳೆ. ಹಾಗೆ ಬಾಯಿ ಬಿಟ್ಟವರು ಆಮೇಲೆ ನನ್ನನ್ನೇ ಬೈದಿದ್ದೂ ಉಂಟು!

ಈಗ ನಾನು ಈ ಕಾಗದ ಬರೆಯಲು ಕೂತ ವಿಷಯ. ನಡಾವಳಿ ಪುಸ್ತಕ, ಸಭೆಯಲ್ಲಿ ಆದ ತೀರ್ಮಾನಗಳನ್ನು ಬರೆದಿಡುವ ಪುಸ್ತಕ.

ಸಾಮಾನ್ಯ ಸಭೆಗೆ ಪೂರ್ತಿ ಏಳು ದಿನ ಮೊದಲು ನೋಟೀಸು ಮುಟ್ಟಬೇಕು, ವಿಶೇಷ ಸಭೆಗೆ ಮೂರು ದಿನ. ಇದೆಲ್ಲ ನೀನು ಪರೀಕ್ಷೆಗೆ ಓದಿದ್ದೀಯ. ಪರೀಕ್ಷೆಯಲ್ಲಿ ಕೇಳದ್ದು ಏನೆಂದರೆ, ನೋಟೀಸಿನ ಮೇಲೆ ‘ತಲುಪಿದೆ’ ಅಂತ ಸಹಿ ತೆಗೆದುಕೊಳ್ಳದಿದ್ದರೆ ಸಿಟ್ಟಿರುವ ಒಬ್ಬ ಮೆಂಬರ್ ಸಾಕು, ಇಡೀ ಸಭೆಯನ್ನೇ ಬೀಳಿಸಬಹುದು. ಸಭೆಯ ಮೊದಲನೇ ವಿಷಯ ಯಾವಾಗಲೂ ಒಂದೇ, ಹಿಂದಿನ ಸಭೆಯ ನಡಾವಳಿ ಓದಿ ದೃಢೀಕರಿಸುವುದು. ‘ಅದೇನು ಓದೋದು ಬಿಡಿ ಮೇಡಂ, ಎಲ್ಲ ಸರಿ ಇದೆ’ ಅನ್ನುತ್ತಾರೆ. ಬಿಡಬೇಡ. ಗಟ್ಟಿಯಾಗಿ ಓದು. ಸೂಚಕರು ಯಾರು, ಅನುಮೋದಕರು ಯಾರು, ಬೇಡ ಅಂದವರು ಯಾರು, ಹೆಸರು ಸಮೇತ ಓದು. ತನ್ನ ಹೆಸರು ಕಿವಿಗೆ ಬಿದ್ದಾಗ ಮನುಷ್ಯ ಎಚ್ಚರವಾಗುತ್ತಾನೆ.

ನಾನು ಬಿಟ್ಟೆ. 1998ರ ಸುಮಾರಿನ ಮಾತು. ಯಾವ ಊರು, ಯಾರು ಅಂತ ಬೇಡ. ಮಳೆಗಾಲದ ಸಂಜೆ, ಕರೆಂಟು ಬೇರೆ ಹೋಗಿತ್ತು. ಸಭೆ ಮುಗಿಯುತ್ತಾ ಬಂದಿತ್ತು. ‘ಇನ್ನೊಂದು ಸಣ್ಣ ವಿಷಯ ಇದೆ, ಅರ್ಧ ಪುಟ ಜಾಗ ಬಿಟ್ಟಿರಿ, ನಾಳೆ ಬರೆದರಾಯಿತು’ ಅಂದರು ಅಲ್ಲಿದ್ದ ದೊಡ್ಡವರೊಬ್ಬರು. ಮನೆಯಲ್ಲಿ ನಿಮ್ಮತ್ತೆಗೆ ಜ್ವರ. ಹೂಂ ಅಂದು ಅರ್ಧ ಪುಟ ಬಿಟ್ಟು ಕೆಳಗೆ ಸಹಿ ಮಾಡಿ ಸೈಕಲ್ ಹತ್ತಿದೆ. ನಾಳೆ ಮರೆತುಹೋಯಿತು, ನಾಡಿದ್ದೂ ಮರೆತುಹೋಯಿತು. ಎರಡು ತಿಂಗಳಾದ ಮೇಲೆ ನೋಡಿದರೆ ಆ ಅರ್ಧ ಪುಟದಲ್ಲಿ ದುಂಡಗಿನ ಅಕ್ಷರ. ಶಾಲೆ ಮುಂದಿನ ಬಯಲಿನಲ್ಲಿ ಒಬ್ಬರಿಗೆ ಖಾತೆ ಮಾಡಿಕೊಡಲು ‘ಸರ್ವಾನುಮತದಿಂದ’ ತೀರ್ಮಾನ. ಅಕ್ಷರ ನನ್ನದಲ್ಲ. ಸಹಿ ನನ್ನದೇ.

ವಿಚಾರಣೆ ನಡೆಯಿತು. ದುಡ್ಡು ತಿಂದವನಲ್ಲ ಅನ್ನುವುದು ಎಲ್ಲರಿಗೂ ಗೊತ್ತಿತ್ತು, ಬಾಯಲ್ಲಿ ಹೇಳಿದರು ಕೂಡ. ಬರೆದುಕೊಡಿ ಅಂದಾಗ ಯಾರೂ ಬರೆದುಕೊಡಲಿಲ್ಲ. ಒಂದು ವರ್ಷದ ಇನ್‌ಕ್ರಿಮೆಂಟ್ ಹೋಯಿತು. ಅದಕ್ಕಿಂತ ಜಾಸ್ತಿ ಉರಿದದ್ದು ಬೇರೆ. ಆ ಶಾಲೆ ಮಕ್ಕಳು ಆಮೇಲೆ ರಸ್ತೆಯಲ್ಲಿ ಆಡುತ್ತಿದ್ದರು. ನಾನು ದಿನಾ ಅದೇ ರಸ್ತೆಯಲ್ಲಿ ಸೈಕಲ್ ಬೆಲ್ ಹೊಡೆದುಕೊಂಡು ಹೋಗಬೇಕಿತ್ತು.

ಆವತ್ತಿನಿಂದ ಒಂದು ರೂಢಿ ಮಾಡಿಕೊಂಡೆ. ಬರಹ ಎಲ್ಲಿ ಮುಗಿಯುತ್ತದೋ ಅಲ್ಲೇ ಸಹಿ. ಉಳಿದ ಜಾಗಕ್ಕೆ ಮೂಲೆಯಿಂದ ಮೂಲೆಗೆ ಒಂದು ಗೆರೆ. ಜನ ಎದ್ದು ಹೋಗುವ ಮೊದಲೇ ಬರೆದು ಮುಗಿಸುವುದು. ನನ್ನನ್ನು ‘ಗೆರೆ ಸೆಕ್ರೆಟರಿ’ ಅಂತ ಆಡಿಕೊಂಡರು. ಆಡಿಕೊಳ್ಳಲಿ.

ಈಗೆಲ್ಲ ಪಂಚಾಯಿತಿ ಕೆಲಸಕ್ಕೆ ಕಂಪ್ಯೂಟರಿನ ಪಂಚತಂತ್ರ ತಂತ್ರಾಂಶ ಇದೆ ಮಾವ, ಪುಸ್ತಕ ಯಾರು ನೋಡುತ್ತಾರೆ ಅನ್ನುತ್ತೀಯ. ಕಂಪ್ಯೂಟರಿನಲ್ಲಿಯೂ ಅರ್ಧ ಪುಟ ಇರುತ್ತದೆ, ಅದರ ಹೆಸರು ಬೇರೆ ಅಷ್ಟೇ. ನಿನ್ನ ಡಿಜಿಟಲ್ ಸಹಿಯ ಡೋಂಗಲ್ ಅನ್ನು ಆಪರೇಟರ್ ಟೇಬಲ್ ಡ್ರಾಯರಿನಲ್ಲಿ ಇಟ್ಟು ಮೀಟಿಂಗಿಗೆ ತಾಲ್ಲೂಕಿಗೆ ಹೋದೆಯಾ, ಅದೇ ಖಾಲಿ ಪುಟ. ಆ ಹುಡುಗ ಒಳ್ಳೆಯವನೇ ಇರಬಹುದು. ಆದರೆ ಅವನನ್ನು ಬೆದರಿಸುವವರು, ಪುಸಲಾಯಿಸುವವರು ಇರುತ್ತಾರೆ. ಬೀಗದ ಕೈ ನಿನ್ನ ಹತ್ತಿರ ಇದ್ದರೆ ಅವನಿಗೂ ‘ಮೇಡಂ ಹತ್ತಿರ ಇದೆ’ ಅನ್ನಲು ಒಂದು ನೆಪ ಸಿಗುತ್ತದೆ. ಪಾಪ, ಅವನ ಸಂಬಳ ನಿನ್ನದಕ್ಕಿಂತ ಎಷ್ಟೋ ಕಡಿಮೆ.

ಜಾಸ್ತಿ ಒತ್ತಡ ಬರುವುದು ಇ-ಸ್ವತ್ತಿಗೆ, ಅಂದರೆ ಹಳ್ಳಿಯ ಆಸ್ತಿಗೆ ಕಂಪ್ಯೂಟರಿನಲ್ಲಿ ಮಾಡಿಕೊಡುವ ಖಾತೆಗೆ. 9, 11 ಅಂತ ನಮೂನೆಗಳ ನಂಬರು ಹಳ್ಳಿಯ ಅಜ್ಜಿಗೂ ಬಾಯಿಪಾಠ. ಯಾಕೆಂದರೆ ಆ ಕಾಗದ ಇಲ್ಲದೆ ಬ್ಯಾಂಕಿನವರು ಸಾಲ ಕೊಡುವುದಿಲ್ಲ, ರಿಜಿಸ್ಟ್ರಿ ಆಗುವುದಿಲ್ಲ. ಆಗದ್ದಕ್ಕೆ ಆಗುವುದಿಲ್ಲ ಅಂತ ಮೊದಲ ದಿನವೇ ಹೇಳು, ಕಾರಣ ಬರೆದು ಹಿಂಬರಹ ಕೊಡು. ‘ನೋಡೋಣ, ಮುಂದಿನ ವಾರ ಬನ್ನಿ’ ಅನ್ನುವ ಮಾತು ಇದೆಯಲ್ಲ, ಲಂಚ ಹುಟ್ಟುವುದೇ ಅದರ ಹೊಟ್ಟೆಯಲ್ಲಿ. ನೀನು ಕೇಳದಿದ್ದರೂ ನಾಲ್ಕನೇ ವಾರ ಅವರೇ ಕವರು ಹಿಡಿದುಕೊಂಡು ಬರುತ್ತಾರೆ.

ಗ್ರಾಮಸಭೆಯ ಬಗ್ಗೆ ಒಂದೇ ಮಾತು. ಮನೆ ಹಂಚುವ ದಿನ ಜನ ಕಿಕ್ಕಿರಿಯುತ್ತಾರೆ. ಬಂದ ಮನೆ ಹತ್ತು, ಅರ್ಜಿ ನೂರು ಅನ್ನುವಂಥ ಸ್ಥಿತಿ. ನಿಜವಾಗಿ ಮನೆ ಇಲ್ಲದವಳು ಹಿಂದೆ, ಅರಳಿಕಟ್ಟೆ ಪಕ್ಕ, ಮಗು ಎತ್ತಿಕೊಂಡು ನಿಂತಿರುತ್ತಾಳೆ. ಮೈಕ್ ಅಲ್ಲಿಗೆ ಕಳಿಸು. ಅವಳು ಮಾತಾಡದಿದ್ದರೂ ಪರವಾಗಿಲ್ಲ, ಎಲ್ಲರೂ ತಿರುಗಿ ನೋಡುತ್ತಾರಲ್ಲ, ಅಷ್ಟು ಸಾಕು. ನವೆಂಬರಿನಲ್ಲಿ ಮಕ್ಕಳ ಗ್ರಾಮಸಭೆ ಬರುತ್ತದೆ. ಅದನ್ನು ಫೋಟೋ ಕಾರ್ಯಕ್ರಮ ಮಾಡಬೇಡ. ನನ್ನ ಸರ್ವೀಸಿನಲ್ಲಿ ನಾನು ಉತ್ತರ ಇಲ್ಲದೆ ತಲೆ ತಗ್ಗಿಸಿದ್ದು ಮೇಲಿನ ಅಧಿಕಾರಿಗಳ ಮುಂದಲ್ಲ, ‘ಸಾರ್, ಶೌಚಾಲಯಕ್ಕೆ ಬೀಗ ಯಾಕೆ?’ ಅಂತ ಕೇಳಿದ ಆರನೇ ಕ್ಲಾಸಿನ ಹುಡುಗಿಯ ಮುಂದೆ.

ಜಮಾಬಂದಿಗೂ ಹೆದರಬೇಡ. ಆಗಸ್ಟ್ 16ರಿಂದ ಸೆಪ್ಟೆಂಬರ್ 15ರ ಒಳಗೆ ಲೆಕ್ಕವನ್ನು ಜನರ ಮುಂದೆ ಇಡಬೇಕು. ಹಿಂದಿನವರ ಗಂಟು ನಿನ್ನ ತಲೆಗೆ ಬರುತ್ತದೆ, ಅದು ಇದ್ದದ್ದೇ. ಚಾರ್ಜ್ ತೆಗೆದುಕೊಳ್ಳುವ ದಿನ ಅವಸರ ಮಾಡಬೇಡ. ಕ್ಯಾಶ್ ಬುಕ್, ಬ್ಯಾಂಕ್ ಪಾಸ್‌ಬುಕ್, ರಸೀದಿ ಪುಸ್ತಕ, ಅಳತೆ ಪುಸ್ತಕ, ಮೋಟಾರು, ಕೇಬಲ್, ಪೈಪು, ಎಲ್ಲ ಎಣಿಸಿಕೋ. ಖಾಲಿ ರಸೀದಿ ಪುಸ್ತಕವನ್ನು ಹಾಳೆ ಹಾಳೆ ಎಣಿಸು. ನಗುತ್ತಾರೆ. ‘ಹೊಸಬಳು ಗೊತ್ತಾಗಲ್ಲ ಸಾರ್, ಸ್ವಲ್ಪ ತಡೀರಿ’ ಅಂತ ನೀನೂ ನಗುತ್ತಾ ಎಣಿಸು. ಕರೆಂಟು ಬಿಲ್ಲಿನ ಬಾಕಿ ಎಷ್ಟಿದೆ ಅಂತ ಅವತ್ತೇ ಬರೆಸಿಕೋ, ಅದನ್ನು ನೋಡಿ ರಾತ್ರಿ ನಿದ್ದೆ ಬರದಿದ್ದರೆ ಫೋನ್ ಮಾಡು.

ಮನೆ ಬಾಡಿಗೆಗೆ ಹಿಡಿಯುವಾಗ ಯಾವ ಮೆಂಬರ್ ಮನೆಯೂ ಬೇಡ, ಬಾಡಿಗೆ ಕಡಿಮೆ ಅಂದರೂ ಬೇಡ. ಸ್ಕೂಟಿಯನ್ನು ನಿನ್ನದೇ ತೆಗೆದುಕೊಂಡು ಹೋಗು.

ನಿಮ್ಮತ್ತೆ ಹುಣಸೆ ತೊಕ್ಕು, ಚಟ್ನಿಪುಡಿ ಕಟ್ಟಿಟ್ಟಿದ್ದಾಳೆ, ಭಾನುವಾರ ಬಂದು ತೆಗೆದುಕೊಂಡು ಹೋಗು. ಡಬ್ಬಿಯ ಪಕ್ಕ ಒಂದು ಅಡಿಕೋಲು ಇರುತ್ತದೆ. ಗೆರೆ ಹೊಡೆಯಲು ನಾನು ಇಟ್ಟುಕೊಂಡಿದ್ದು, ಒಂದು ಮೂಲೆ ಸವೆದಿದೆ. ದಸರಾಕ್ಕೆ ಬರುವಾಗ ಚಳ್ಳಕೆರೆಯಿಂದ ಐದು ಲೀಟರ್ ಕಡಲೆಕಾಯಿ ಎಣ್ಣೆ ತಾ. ದುಡ್ಡು ಕೊಟ್ಟು, ಬಿಲ್ಲು ಹಾಕಿಸಿಕೊಂಡು ತಾ.

ಇಂತಿ,
ನಿನ್ನ ಸೋದರಮಾವ