ಥಾಖೆಕ್ ಬೈಕ್ ಪ್ಯಾಕೇಜ್: ನಮ್ಮ ಹಣ ವಾಪಸ್ ಕೊಡಿ

ಇವರಿಗೆ,
ವ್ಯವಸ್ಥಾಪಕರು,
ವಿದೇಶ ಪ್ರವಾಸ ವಿಭಾಗ,
ಬೆಂಗಳೂರು

ದಿನಾಂಕ: 16 ಜೂನ್ 2025

ವಿಷಯ: ಲಾವೋಸ್ ದೇಶದ ಥಾಖೆಕ್ ಬೈಕ್ ಪ್ರವಾಸದಲ್ಲಿ ಆದ ಸೇವಾ ಲೋಪ ಮತ್ತು ಅದರ ಪರಿಹಾರದ ಬಗ್ಗೆ

ಮಾನ್ಯರೇ,

ಕಳೆದ ಜನವರಿಯಲ್ಲಿ ನಾನು ಮತ್ತು ನನ್ನ ತಮ್ಮ ನಿಮ್ಮ ‘ಥಾಖೆಕ್ ಲೂಪ್’ ಪ್ಯಾಕೇಜ್ ತೆಗೆದುಕೊಂಡು ಹೋಗಿದ್ದೆವು. ಇಬ್ಬರಿಗೂ ಸೇರಿ ₹1,40,000, ಅದರ ಮೇಲೆ ಟಿಸಿಎಸ್ (ಮಾರುವವರೇ ಹಿಡಿದು ಸರ್ಕಾರಕ್ಕೆ ಕಟ್ಟುವ ಆದಾಯ ತೆರಿಗೆ) ಅಂತ ₹7,000 ಕಟ್ಟಿದ್ದೇವೆ. ವಾಪಸ್ ಬಂದ ಮೇಲೆ ನಿಮ್ಮ ಕಸ್ಟಮರ್ ಕೇರ್‌ಗೆ ಫೋನ್ ಮಾಡಿದ್ದಾಯ್ತು, ಇಮೇಲ್ ಬರೆದಿದ್ದಾಯ್ತು. ತುಂಬಾ ದಿನ ಕಾಯಿಸಿ ಕೊನೆಗೆ ಕಳಿಸಿದ ಉತ್ತರ ಹೀಗಿದೆ: “ಲಾವೋಸ್ ಬಡ ದೇಶ, ಅಲ್ಲಿ ಇಂಥದ್ದೆಲ್ಲ ಆಗುತ್ತೆ, ಸ್ವಲ್ಪ ಅಡ್ಜಸ್ಟ್ ಮಾಡಿಕೊಳ್ಳಬೇಕು.” ಈ ಪತ್ರ ಬರೆಯಲು ಆ ಸಾಲೇ ಕಾರಣ. ನಮಗಾದ ತೊಂದರೆಗಳಲ್ಲಿ ಒಂದೂ ಆ ಊರಿನಿಂದ ಆದದ್ದಲ್ಲ. ಎಲ್ಲವೂ ಬೆಂಗಳೂರಿನ ನಿಮ್ಮ ಆಫೀಸಿನಿಂದಲೇ ನಮ್ಮ ಜೊತೆ ಹೊರಟು ಬಂದವು.

ಥಾಯ್ಲೆಂಡಿನ ಕಡೆಯಿಂದಲೇ ಶುರುವಾಯಿತು. ‘ನಖೋನ್ ಫನೋಮ್‌ನಿಂದ ದೋಣಿಯಲ್ಲಿ ಮೆಕಾಂಗ್ ನದಿ ದಾಟಿ ಥಾಖೆಕ್ ತಲುಪುವುದು’ ಅಂತ ನಿಮ್ಮ ಪ್ರಯಾಣಪಟ್ಟಿಯಲ್ಲಿದೆ. ಬ್ಯಾಗು ಹೊತ್ತುಕೊಂಡು ದೋಣಿ ಕಟ್ಟೆಗೆ ಹೋದರೆ, ಅಲ್ಲಿನವರು ನಮ್ಮ ಪಾಸ್‌ಪೋರ್ಟ್ ನೋಡಿ ಬಸ್ ನಿಲ್ದಾಣದ ಕಡೆ ಕೈ ತೋರಿಸಿದರು. ಆ ದೋಣಿ ಥಾಯ್ ಮತ್ತು ಲಾವೊ ಜನರಿಗೆ ಮಾತ್ರ. ಬೇರೆ ದೇಶದವರು ಊರಿನಿಂದ ಉತ್ತರಕ್ಕಿರುವ ಥಾಯ್-ಲಾವೊ ಮೂರನೇ ಸ್ನೇಹ ಸೇತುವೆ ಮೇಲೆ ಬಸ್ಸಿನಲ್ಲಿ ಹೋಗಬೇಕು. ಆ ಸೇತುವೆ 2011ರ ನವೆಂಬರ್ 11ರಂದೇ ತೆರೆದಿದೆ. ನಿಮ್ಮ ಪಟ್ಟಿ ಯಾವ ಕಾಲದ್ದು, ಎಲ್ಲಿಂದ ಎತ್ತಿದ್ದು ಅಂತ ನನಗೆ ಗೊತ್ತಿಲ್ಲ. ಅದನ್ನು ಬರೆದವರು ಆ ನದಿ ದಾಟಿಲ್ಲ ಅನ್ನುವುದು ಮಾತ್ರ ಗೊತ್ತಾಯಿತು.

‘ರಿವರ್ ವ್ಯೂ ಕೋಣೆ’ ಅಂದಿದ್ದಿರಿ. ಕಿಟಕಿ ತೆಗೆದರೆ ಪಕ್ಕದ ಕಟ್ಟಡದ ಗೋಡೆ, ಅದರ ಮೇಲೊಂದು ನೀರಿನ ಟ್ಯಾಂಕು. ಹೋಗಲಿ, ನದಿ ನೋಡಲು ಕೋಣೆಯೇ ಬೇಕಾಗಿಲ್ಲ. ಬ್ರೋಷರ್‌ನಲ್ಲಿ ಬರೆದ ‘ರಂಗೇರಿದ ನೈಟ್ ಲೈಫ್’ ಕೂಡ ಅಲ್ಲಿಲ್ಲ, ಅದಕ್ಕೆ ನನಗೆ ಬೇಜಾರೂ ಇಲ್ಲ. ಫ್ರೆಂಚರ ಕಾಲದ ಹಳೇ ಮನೆಗಳು, ಕಾರಂಜಿ ಇರುವ ಒಂದು ಚೌಕ, ಸಂಜೆ ಅಲ್ಲಿ ಸುಟ್ಟ ಬಾಳೆಹಣ್ಣು ಮಾರುವವರು, ನದಿಯಾಚೆ ನಖೋನ್ ಫನೋಮ್‌ನ ದೀಪಗಳು. ಊರು ಬೇಗ ಮಲಗುತ್ತದೆ. ಇದನ್ನೇ ಇದ್ದ ಹಾಗೆ ಬರೆದಿದ್ದರೂ ನಾವು ಬರುತ್ತಿದ್ದೆವು. ಇನ್ನೂ ಸಂತೋಷದಿಂದ ಬರುತ್ತಿದ್ದೆವು.

ಈಗ ಬೈಕಿನ ವಿಷಯ. ‘250 ಸಿಸಿ ಅಡ್ವೆಂಚರ್ ಬೈಕ್, ಒಬ್ಬರಿಗೆ ಒಂದು, ಡೆಪಾಸಿಟ್ ನಾವೇ ಕಟ್ಟಿದ್ದೇವೆ’ ಅಂತ ನಿಮ್ಮ ವೋಚರ್‌ನಲ್ಲಿದೆ. ಅಂಗಡಿಯವರು ಹೊರಗೆ ತಂದಿದ್ದು ಎರಡು 110 ಸಿಸಿ ಗಾಡಿ. ಕ್ಲಚ್ ಇಲ್ಲ, ಕಾಲಲ್ಲಿ ಗೇರ್ ಒತ್ತಿಕೊಂಡು ಹೋಗುವಂಥದ್ದು. ಆ ಊರಲ್ಲಿ ತರಕಾರಿ ತರಲು, ಮಕ್ಕಳನ್ನು ಶಾಲೆಗೆ ಬಿಡಲು ಎಲ್ಲರೂ ಓಡಿಸುವುದು ಅದನ್ನೇ, ಗಾಡಿಯ ಜಾತಿಯಲ್ಲಿ ತಪ್ಪಿಲ್ಲ. ಆದರೆ ತಮ್ಮನಿಗೆ ಸಿಕ್ಕ ಗಾಡಿಯ ಹಿಂದಿನ ಟೈರು ನಡುವೆ ಬೆರಳಾಡಿಸಿದರೆ ನುಣ್ಣಗೆ ಹತ್ತುತ್ತಿತ್ತು. ಎಡಗಡೆ ಕನ್ನಡಿಗೆ ಕಪ್ಪು ಟೇಪು ಸುತ್ತಿದ್ದರು, ಗಾಡಿ ಶುರುವಾದ ತಕ್ಷಣ ಕನ್ನಡಿ ತಾನಾಗಿ ಕೆಳಗೆ ಬಾಗಿ ನಮ್ಮ ಮೊಣಕಾಲು ತೋರಿಸುತ್ತಿತ್ತು. ಬೇರೆ ಗಾಡಿ ಕೇಳಿದೆ. ಅಂಗಡಿಯವರು ಪಾಪ, ಫೋನ್ ತೆಗೆದು ನಿಮ್ಮ ಆಫೀಸಿನಿಂದ ಬಂದ ಮೆಸೇಜ್ ತೋರಿಸಿದರು. ನೀವು ಕೇಳಿದ್ದೇ ‘ಇರುವುದರಲ್ಲಿ ಕಡಿಮೆ ಬಾಡಿಗೆಯ ಎರಡು ಗಾಡಿ’. ಅದರ ಫೋಟೋ ನನ್ನ ಹತ್ತಿರ ಇದೆ, ಪತ್ರದ ಜೊತೆ ಇಟ್ಟಿದ್ದೇನೆ. ಡೆಪಾಸಿಟ್ ಕೂಡ ಕಟ್ಟಿರಲಿಲ್ಲ. ಕೊನೆಗೆ ನನ್ನ ಪಾಸ್‌ಪೋರ್ಟನ್ನೇ ಅಂಗಡಿಯಲ್ಲಿ ಒತ್ತೆ ಇಟ್ಟು ಹೊರಡಬೇಕಾಯಿತು. ಬೇರೆ ದೇಶದಲ್ಲಿ ಪಾಸ್‌ಪೋರ್ಟ್ ಕೈಯಲ್ಲಿಲ್ಲದೆ ತಿರುಗುವುದು ಹೇಗಿರುತ್ತದೆ ಅಂತ ಒಮ್ಮೆ ಯೋಚಿಸಿ.

ದಾರಿಯ ಲೆಕ್ಕ ನೋಡೋಣ. ಥಾಖೆಕ್ ಲೂಪ್ ಅಂದರೆ ಸುಮಾರು 450 ಕಿಲೋಮೀಟರಿನ ಸುತ್ತು. ಪೂರ್ವಕ್ಕೆ 12ನೇ ನಂಬರ್ ರಸ್ತೆ, ಅಲ್ಲಿಂದ ನಕಾಯ್ ಪ್ರಸ್ಥಭೂಮಿ ಹತ್ತಿ ಥಲಾಂಗ್, ಲಾಕ್ ಸಾವ್, ಆಮೇಲೆ 8ನೇ ರಸ್ತೆಯಲ್ಲಿ ಖೂನ್ ಖಾಮ್, ಅಲ್ಲಿಂದ ಒಳಗೆ ಕಾಂಗ್ ಲೋ ಗುಹೆ. ವಾಪಸ್ ಬರಲು 13ನೇ ಹೆದ್ದಾರಿ. ಇದನ್ನು ಜನ ಮೂರು ನಾಲ್ಕು ದಿನ ಇಟ್ಟುಕೊಂಡು ಸುತ್ತುತ್ತಾರೆ. ನೀವು ಎರಡು ದಿನದಲ್ಲಿ ಮುಗಿಸಿದ್ದೀರಿ! ಮೊದಲ ದಿನವೇ 12ನೇ ರಸ್ತೆಯ ನಾಲ್ಕು ಗುಹೆ ನೋಡಿ, ಬೆಟ್ಟ ಹತ್ತಿ ಇಳಿದು, ಸಂಜೆ ಹೊತ್ತಿಗೆ ಕಾಂಗ್ ಲೋ ಗುಹೆಯಲ್ಲಿ ದೋಣಿ ಹತ್ತಬೇಕಂತೆ. ಅದು ಕಡಿಮೆಯೆಂದರೂ 270 ಕಿಲೋಮೀಟರ್, 110 ಸಿಸಿ ಗಾಡಿಯಲ್ಲಿ. ನಕ್ಷೆಯ ಮೇಲೆ ಬೆರಳಿಟ್ಟು ಎಳೆದರೆ ಸಾಧ್ಯ.

ಪ್ರವೇಶ ಶುಲ್ಕ ಎಲ್ಲ ಸೇರಿದೆ ಅಂದಿದ್ದಿರಿ. ಪ್ರತಿ ಗುಹೆಯಲ್ಲೂ ನಾವೇ ಕೊಟ್ಟೆವು. ಥಾಮ್ ಪಾ ಫಾ ಅಂತ ಒಂದು ಗುಹೆ ಇದೆ. 2004ರಲ್ಲಿ ಬಾವಲಿ ಹಿಡಿಯಲು ಬಂಡೆ ಹತ್ತಿದ ಹಳ್ಳಿಯವರೊಬ್ಬರಿಗೆ ಅಲ್ಲಿ 229 ಬುದ್ಧನ ವಿಗ್ರಹಗಳು ಕಂಡವು. ಇವತ್ತಿಗೂ ಅದು ಜನ ಪೂಜೆ ಮಾಡುವ ಜಾಗ. ಹೆಂಗಸರು ಲಾವೊ ಲಂಗ ‘ಸಿನ್’ ಸುತ್ತಿಕೊಂಡೇ ಒಳಗೆ ಹೋಗಬೇಕು, ಫೋಟೋ ತೆಗೆಯುವಂತಿಲ್ಲ. ನಿಮ್ಮ ಬ್ರೋಷರ್‌ನಲ್ಲಿ ಇದನ್ನು ‘ಸೆಲ್ಫಿ ಸ್ಪಾಟ್’ ಅಂತ ಹಾಕಿದ್ದೀರಿ. ದೇವಸ್ಥಾನದ ಗರ್ಭಗುಡಿಯನ್ನು ಹೀಗೆ ಕರೆದರೆ ನಿಮಗೆ ಹೇಗನ್ನಿಸುತ್ತದೆ? ಬಾಗಿಲಲ್ಲಿದ್ದ ಅಜ್ಜಿ ಬಾಡಿಗೆ ಸಿನ್ ತೆಗೆದು ತಾವೇ ನನ್ನ ಸೊಂಟಕ್ಕೆ ಸುತ್ತಿ ಮಡಿಕೆ ಸರಿಮಾಡಿ ಕಳಿಸಿದರು. ನಿಮ್ಮ ಕಡೆಯಿಂದ ಒಂದು ಸಾಲಿನ ಸೂಚನೆ ಇರಲಿಲ್ಲ.

ಥಲಾಂಗ್ ಹತ್ತಿರ ನಾಮ್ ಥ್ಯೂನ್ 2 ಅಣೆಕಟ್ಟಿನ ಹಿನ್ನೀರು ಬರುತ್ತದೆ. ನೀರಲ್ಲಿ ಒಣಗಿದ ಮರಗಳು ನಿಂತಿವೆ, ನಮ್ಮ ಶರಾವತಿ ಹಿನ್ನೀರಿನಲ್ಲಿ ನಿಂತ ಹಾಗೆಯೇ. ನಾವು ಸಾಗರದ ಕಡೆಯವರು, ಅದನ್ನು ನೋಡಿ ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಅಲ್ಲಿ ತಯಾರಾಗುವ ಕರೆಂಟಿನಲ್ಲಿ ಹೆಚ್ಚಿನದು ಥಾಯ್ಲೆಂಡಿಗೆ ಹೋಗುತ್ತದೆ. ನಿಮ್ಮ ಪಟ್ಟಿಯಲ್ಲಿ ಇಲ್ಲಿ ‘ನೈಸರ್ಗಿಕ ಸರೋವರದಲ್ಲಿ ಈಜು’ ಅಂತಿದೆ. ಜೀವ ಬೇಡವಾದವರು ಈಜಬಹುದು, ನೀರಿನಡಿ ಎಲ್ಲೆಲ್ಲಿ ಕೊಂಬೆ ಇದೆಯೋ ಯಾರಿಗೆ ಗೊತ್ತು.

ಥಲಾಂಗ್ ದಾಟಿ ಲಾಕ್ ಸಾವ್ ಕಡೆ ಹೋಗುವಾಗ ಒಂದು ತಿರುವಿನಲ್ಲಿ ಜಲ್ಲಿ ಹರಡಿತ್ತು. ತಮ್ಮ ನಿಧಾನವಾಗಿಯೇ ಇದ್ದ. ಹಿಂದಿನ ಬ್ರೇಕ್ ಒತ್ತಿದ ಕೂಡಲೇ ಆ ನುಣ್ಣನೆಯ ಟೈರು ಪಕ್ಕಕ್ಕೆ ಜಾರಿತು. ಮೊಣಕಾಲು ಸೀಳಿತು, ಅಂಗೈ ಚರ್ಮ ಕಿತ್ತುಬಂತು. ವೋಚರ್ ಮೇಲಿದ್ದ ‘24 ಗಂಟೆ ಸ್ಥಳೀಯ ಸಹಾಯ’ ನಂಬರಿಗೆ ಫೋನ್ ಮಾಡಿದೆ. ಎತ್ತಿದವರು ಇದ್ದದ್ದು ರಾಜಧಾನಿ ವಿಯೆಂಟಿಯಾನ್‌ನಲ್ಲಿ, ಥಾಖೆಕ್‌ನಿಂದಲೇ ಅದು ಸುಮಾರು 350 ಕಿಲೋಮೀಟರ್. ನಿಮ್ಮ ಕಂಪನಿಯ ಕೆಲಸ ಬಿಟ್ಟು ಬಹಳ ಕಾಲ ಆಯ್ತು ಅಂತ ಸೌಜನ್ಯದಿಂದಲೇ ಹೇಳಿ ಕ್ಷಮೆ ಕೇಳಿದರು. ಅವರು ಯಾಕೆ ಕ್ಷಮೆ ಕೇಳಬೇಕಿತ್ತೋ! ಆ ದಾರಿಯಲ್ಲಿ ಬಂದ ಪಿಕಪ್ ಗಾಡಿಯವರು ತಮ್ಮನನ್ನು ಮುಂದೆ ಕೂರಿಸಿ, ಬೈಕನ್ನು ಹಿಂದೆ ಹಗ್ಗದಲ್ಲಿ ಕಟ್ಟಿ, ಲಾಕ್ ಸಾವ್‌ವರೆಗೆ ಬಿಟ್ಟರು. ದುಡ್ಡು ಕೊಟ್ಟರೆ ಡೀಸೆಲ್‌ಗೆ ಆಗುವಷ್ಟು ಮಾತ್ರ ತೆಗೆದುಕೊಂಡು ಉಳಿದದ್ದನ್ನು ನನ್ನ ಜೇಬಿಗೇ ತುರುಕಿದರು. ನೀವು ‘ಬಡ ದೇಶ’ ಅಂದದ್ದು ಇವರ ದೇಶವನ್ನು. ಹೊಲಿಗೆ ಲಾಕ್ ಸಾವ್‌ನಲ್ಲೇ ಹಾಕಿದರು. ಆಮೇಲೆ ಎಕ್ಸ್‌ರೇ ಮತ್ತು ಮುಂದಿನ ಚಿಕಿತ್ಸೆಗೆ ಸೇತುವೆ ದಾಟಿ ನಖೋನ್ ಫನೋಮ್‌ಗೆ ಹೋದೆವು.

ಇನ್ನು ವಿಮೆ. ಇಲ್ಲಿ ದಯವಿಟ್ಟು ಗಮನವಿಟ್ಟು ಓದಿ. ಪ್ಯಾಕೇಜಿನ ಜೊತೆ ವಿಮೆಯನ್ನೂ ನೀವೇ ಮಾರಿದಿರಿ. ಬುಕಿಂಗ್ ಸಮಯದಲ್ಲಿ ನಾನು ವಾಟ್ಸಾಪ್‌ನಲ್ಲಿ ನೇರವಾಗಿ ಕೇಳಿದ್ದೆ: ಇಬ್ಬರಿಗೂ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಬೇಕಾ? ನನ್ನದು ಆಗಲೇ ಮಾಡಿಸಿದ್ದೆ. ನಿಮ್ಮ ಸಿಬ್ಬಂದಿಯ ಉತ್ತರ: “ನಿಮ್ಮದೊಂದು ಇದೆಯಲ್ಲ ಮೇಡಂ, ಸಾಕು. ಅಲ್ಲಿ ಪೊಲೀಸರು ಯಾರೂ ಕೇಳಲ್ಲ.” ಪೊಲೀಸರು ಕೇಳಲಿಲ್ಲ, ನಿಜ. ಕೇಳಿದ್ದು ವಿಮಾ ಕಂಪನಿ. ಆ ದೇಶದಲ್ಲಿ ಮಾನ್ಯವಾದ ಪರವಾನಗಿ ಇಲ್ಲದೆ ಗಾಡಿ ಓಡಿಸುವಾಗ ಆದ ಗಾಯಕ್ಕೆ ಹಣ ಕೊಡುವುದಿಲ್ಲ ಅಂತ ಪಾಲಿಸಿಯಲ್ಲೇ ಅಚ್ಚಾಗಿದೆ. ತಮ್ಮನ ಕ್ಲೇಮು ಅಲ್ಲಿಗೆ ಮುಗಿಯಿತು. ವಿಮಾ ಕಂಪನಿಯ ಮೇಲೆ ನನಗೆ ಕೋಪವಿಲ್ಲ, ಅವರು ಬರೆದದ್ದನ್ನೇ ಮಾಡಿದರು. ಬೈಕ್ ಪ್ರವಾಸ ಮಾರುವ ನೀವು ಆ ಪುಟ ಓದದೆ ಪಾಲಿಸಿ ಮಾರಿದಿರಿ. ಇಲ್ಲಾ, ಓದಿಯೂ ಮಾರಿದಿರಿ. ಎರಡರಲ್ಲಿ ಯಾವುದು ಅಂತ ನೀವೇ ಬರೆದು ತಿಳಿಸಿ. ತಮ್ಮನ ಹತ್ತಿರ ಬೈಕ್ ಲೈಸೆನ್ಸ್ ಇದೆ. ಆರ್‌ಟಿಒದಲ್ಲಿ ಆ ಪರ್ಮಿಟ್‌ಗೆ ಶುಲ್ಕ ₹1,000. ಆಸ್ಪತ್ರೆ ಮತ್ತು ಓಡಾಟದ ಬಿಲ್ ₹31,400.

ಅಲ್ಲಿ ಗಾಡಿಗಳು ರಸ್ತೆಯ ಬಲಗಡೆ ಓಡುತ್ತವೆ. ಇದನ್ನು ಹೇಳಲೂ ನಿಮ್ಮಲ್ಲಿ ಯಾರಿಗೂ ತೋಚಲಿಲ್ಲ.

ತಮ್ಮ ಇಷ್ಟು ದೂರ ಬಂದಿದ್ದು ಕಾಂಗ್ ಲೋ ಗುಹೆ ನೋಡಲು. ಸುಣ್ಣಕಲ್ಲಿನ ಬೆಟ್ಟದೊಳಗೆ ನಾಮ್ ಹಿನ್‌ಬೂನ್ ನದಿ ಏಳು ಕಿಲೋಮೀಟರಿಗೂ ಹೆಚ್ಚು ಹರಿದು ಆ ಕಡೆ ಹೊರಬರುತ್ತದೆ. ಉದ್ದನೆಯ ಮರದ ದೋಣಿಯಲ್ಲಿ ಮೂರೇ ಜನ ಕೂರಬಹುದು. ತಲೆಗೆ ಟಾರ್ಚ್ ಕಟ್ಟಿಕೊಂಡು ಕತ್ತಲಲ್ಲಿ ಹೋಗಬೇಕು. ಬೇಸಿಗೆ ಹತ್ತಿರವಾಗುತ್ತಾ ನೀರು ಕಡಿಮೆಯಾಗುವುದರಿಂದ ಅಲ್ಲಲ್ಲಿ ಇಳಿದು ಕಲ್ಲಿನ ಮೇಲೆ ನಡೆಯಬೇಕು, ದೋಣಿಯವರು ದೋಣಿಯನ್ನು ಎಳೆದು ದಾಟಿಸುತ್ತಾರೆ. ಹಸಿ ಹೊಲಿಗೆ ಇರುವ ಕಾಲನ್ನು ಆ ನೀರಿಗೆ ಇಳಿಸುವಂತಿರಲಿಲ್ಲ. “ನೀನು ಹೋಗಿ ಬಾ ಅಕ್ಕ” ಅಂತ ಹಟ ಮಾಡಿ ನನ್ನನ್ನು ಕಳಿಸಿ, ಅವನು ಟಿಕೆಟ್ ಕೌಂಟರ್ ಪಕ್ಕದ ಬೆಂಚಿನ ಮೇಲೆ ಕಾಲು ಚಾಚಿ ಕುಳಿತ. ಆ ಕೌಂಟರ್‌ನಲ್ಲಿ ನಿಮ್ಮ ‘ಪ್ರೈವೇಟ್ ಬೋಟ್’ ವೋಚರ್ ತೋರಿಸಿದೆ. ಹುಡುಗ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ನಗುತ್ತಾ ವಾಪಸ್ ಕೊಟ್ಟ. ದೋಣಿಗಳು ಅಲ್ಲಿ ಸರದಿಯಂತೆ ಹೋಗುತ್ತವೆ, ಟಿಕೆಟ್ ಅಲ್ಲೇ ತೆಗೆದುಕೊಳ್ಳಬೇಕು. ಬೆಂಗಳೂರಿನಲ್ಲಿ ಕೂತು ನೀವು ಯಾವ ದೋಣಿ ಬುಕ್ ಮಾಡಿ ನಮ್ಮಿಂದ ದುಡ್ಡು ತೆಗೆದುಕೊಂಡಿರಿ?

ಇನ್ನೊಂದು ಸಣ್ಣ ವಿಷಯ, ಆದರೆ ಸಣ್ಣದಲ್ಲ. ಟಿಸಿಎಸ್ ಅಂತ ಹಿಡಿದ ₹7,000 ನನ್ನ ಹೆಸರಿಗೆ ಜಮೆಯಾದ ತೆರಿಗೆಯ ಪಟ್ಟಿಯಲ್ಲಿ, ಅಂದರೆ ಪ್ಯಾನ್‌ನ 26ಎಎಸ್‌ನಲ್ಲಿ ಇವತ್ತಿಗೂ ಕಾಣಿಸುತ್ತಿಲ್ಲ. ಅದು ಸರ್ಕಾರಕ್ಕೆ ಕಟ್ಟಬೇಕಾದ ಹಣ, ನಾನು ರಿಟರ್ನ್ ಹಾಕುವಾಗ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದ ಹಣ. ಅದಕ್ಕೆ ಕೊಡಬೇಕಾದ ಪ್ರಮಾಣಪತ್ರ ಫಾರಂ 27ಡಿ ಕೂಡ ಕೊಟ್ಟಿಲ್ಲ.

ನಾನು ಕೇಳುತ್ತಿರುವುದು ಇಷ್ಟು. ಆಸ್ಪತ್ರೆ ಮತ್ತು ಓಡಾಟದ ₹31,400 ಪೂರ್ತಿ ಕೊಡಬೇಕು. ಕೊಡದ ಬೈಕು, ಕೊಡದ ಕೋಣೆ, ಇಲ್ಲದ ದೋಣಿ, ನಾವೇ ಕಟ್ಟಿದ ಪ್ರವೇಶ ಶುಲ್ಕ, ಇವುಗಳಿಗಾಗಿ ಪ್ಯಾಕೇಜಿನ ಅರ್ಧ, ಅಂದರೆ ₹70,000 ವಾಪಸ್ ಬರಬೇಕು. ಪೂರ್ತಿ ಹಣ ಕೇಳುತ್ತಿಲ್ಲ. ವಿಮಾನದ ಟಿಕೆಟ್ ಸರಿ ಇತ್ತು, ಕೋಣೆಯಲ್ಲಿ ಹಾಸಿಗೆ ಇತ್ತು, ಅದಕ್ಕೆ ದುಡ್ಡು ಬಿಟ್ಟಿದ್ದೇನೆ. ಟಿಸಿಎಸ್ ಕಟ್ಟಿ 27ಡಿ ಕಳಿಸಬೇಕು. ಇದೇ ಪಟ್ಟಿ, ಇದೇ ಫೋಟೋ ಹಾಕಿ ಬರುವ ಚಳಿಗಾಲಕ್ಕೆ ಈಗಲೇ ಬುಕಿಂಗ್ ತೆಗೆದುಕೊಳ್ಳುತ್ತಿದ್ದೀರಿ, ಅದನ್ನು ನಿಲ್ಲಿಸಿ. ಎರಡು ದಿನದ ಲೂಪು ಮತ್ತು ಪರ್ಮಿಟ್ ಬೇಡ ಅನ್ನುವ ಮಾತು, ಇವೆರಡು ಇನ್ನೊಬ್ಬರ ಮನೆಯ ಹುಡುಗನನ್ನು ಬೀಳಿಸುವ ಮೊದಲು ತೆಗೆದುಹಾಕಿ.

ಈ ಪತ್ರ ತಲುಪಿದ 15 ದಿನದೊಳಗೆ ಉತ್ತರ ಬೇಕು. ಬರದಿದ್ದರೆ 1915 ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದೂರು ದಾಖಲಿಸಿ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. ಆ ಕಾಯ್ದೆ ಪ್ರಕಾರ ನಾನು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಐದು ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವೂ ಇಲ್ಲ. ಎರಡು ವರ್ಷದ ಅವಧಿ ಇದೆ, ನನಗೇನೂ ಅವಸರವಿಲ್ಲ.

ವೋಚರ್, ವಾಟ್ಸಾಪ್ ಮಾತುಕತೆಯ ಪ್ರತಿ, ಅಂಗಡಿಯವರ ಫೋನಿನಲ್ಲಿದ್ದ ಮೆಸೇಜಿನ ಫೋಟೋ, ಟೈರಿನ ಫೋಟೋ, ಆಸ್ಪತ್ರೆ ಬಿಲ್ಲುಗಳು, ವಿಮಾ ಕಂಪನಿಯ ಪತ್ರ ಎಲ್ಲವನ್ನೂ ಲಗತ್ತಿಸಿದ್ದೇನೆ. ಹಣವನ್ನು ಬುಕಿಂಗ್ ಮಾಡಿದ ಖಾತೆಗೇ ಹಾಕಿ. ದಯವಿಟ್ಟು ಫೋನ್ ಮಾಡಿ ಸಮಾಧಾನ ಹೇಳಬೇಡಿ, ಮುಂದಿನ ಪ್ರವಾಸಕ್ಕೆ ಡಿಸ್ಕೌಂಟ್ ಕೂಪನ್ ಕಳಿಸಬೇಡಿ. ಏನಿದ್ದರೂ ಬರಹದಲ್ಲಿ ಕೊಡಿ.

ಇಂತಿ,
ನಿಮ್ಮ ಗ್ರಾಹಕಿ
(ಸಹಿ)